ಇಪ್ಪತ್ತು ಗ್ರಾಮಿನ ಶೂರರು

ಒಂದು ಪದದ ಮೇಲೆ ನನಗೆ ಸಿಟ್ಟಿದೆ. ಸ್ಕೇಲೆಬಲ್.

ಆಫೀಸಲ್ಲಿ ದಿನಕ್ಕೆ ಹತ್ತು ಸಲ ಈ ಪದ ಕೇಳ್ತೀನಿ, ಹತ್ತು ಸಲ ನಾನೇ ಹೇಳ್ತೀನಿ. ಅಲ್ಲಿ ಅದರಿಂದ ಯಾರಿಗೂ ದೊಡ್ಡ ನಷ್ಟ ಇಲ್ಲ. ಸರ್ವರ್ ಒದ್ದಾಡ್ತಿದ್ರೆ ಇನ್ನೆರಡು ಸರ್ವರ್ ಹಾಕ್ತೀವಿ, ತಿಂಗಳ ಕೊನೆಗೆ ಬಿಲ್ ಜಾಸ್ತಿ ಬರುತ್ತೆ, ಮ್ಯಾನೇಜರ್ ಮುಖ ಸಣ್ಣದಾಗುತ್ತೆ, ಮುಗೀತು. ನನ್ನ ಸಿಟ್ಟಿರೋದು ಇದೇ ಪದ ಇನ್ನೊಂದು ಜಾಗದಲ್ಲಿ ಇಷ್ಟೇ ಸಲೀಸಾಗಿ ಓಡಾಡುತ್ತೆ ಅನ್ನೋದಕ್ಕೆ. ಬೆಂಕಿಯಿಂದ ಹೊಸ ವಸ್ತುಗಳನ್ನು ತಯಾರಿಸುವ ವಿದ್ಯೆ ಒಂದಿದೆ. ಕಂಬಶ್ಚನ್ ಸಿಂಥೆಸಿಸ್ ಅಂತಾರೆ, ಕನ್ನಡದಲ್ಲಿ ದಹನ ಸಂಶ್ಲೇಷಣೆ ಅನ್ನಬಹುದು. ಅದರ ಬಗ್ಗೆ ನಮ್ಮ ಕಾಲೇಜುಗಳಿಂದ ಬರುವ ಪೇಪರುಗಳನ್ನು ತೆಗೆದು ಕೊನೆಯ ಪ್ಯಾರಾ ಓದಿ. 'ಈ ವಿಧಾನ ಸರಳ, ಅಗ್ಗ, ವೇಗದ್ದು, ಸ್ಕೇಲೆಬಲ್' ಎಂಬ ಅರ್ಥದ ವಾಕ್ಯ ಮತ್ತೆ ಮತ್ತೆ ಸಿಗುತ್ತೆ. ಆಮೇಲೆ ಹಿಂದಕ್ಕೆ ಹೋಗಿ, ಇವರು ಎಷ್ಟು ಮಾಡಿದರು ಅಂತ ನೋಡಿ. ಎರಡು ಗ್ರಾಂ. ಮೂರು ಗ್ರಾಂ. ಒಂದು ಟೀ ಚಮಚ.

ಎರಡು ಗ್ರಾಂ ಮಾಡಿದ್ದು ತಪ್ಪಲ್ಲ. ಎರಡು ಗ್ರಾಂ ಮಾಡಿ ಎರಡು ಟನ್ನಿನ ಮಾತಾಡೋದು ತಪ್ಪು. ಈ ತಪ್ಪನ್ನು ನಾನೂ ಮಾಡಿದ್ದೀನಿ, ಅದಕ್ಕೇ ಬರೀತಾ ಇದ್ದೀನಿ.

ಮೊದಲು ಈ ವಿದ್ಯೆ ಏನು ಅಂತ ಹೇಳಿಬಿಡ್ತೀನಿ. ನಿಮ್ಮ ಅಜ್ಜಿ ಕಾಡಿಗೆ ಮಾಡೋದನ್ನ ನೋಡಿದ್ರೆ ಅರ್ಧ ನಿಮಗಾಗಲೇ ಗೊತ್ತು. ಹರಳೆಣ್ಣೆ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿದರೆ, ಬೆಳಗ್ಗೆ ತಟ್ಟೆಗೆ ಕಪ್ಪು ಹಿಡಿದಿರುತ್ತೆ. ಅಷ್ಟು ನುಣುಪಾದ ಪುಡಿಯನ್ನು ಯಾವ ಒರಳಲ್ಲೂ ರುಬ್ಬಿ ತೆಗೆಯೋಕಾಗಲ್ಲ. ಬೆಂಕಿಯನ್ನು ಬರೀ ಕಾಯಿಸೋಕೆ ಬಳಸದೆ, ಉರಿಯಿಂದಲೇ ವಸ್ತು ಹುಟ್ಟೋ ಹಾಗೆ ಮಾಡಿದ್ದು ಅಜ್ಜಿ. ಕಾರಿನ ಟೈರ್ ಕಪ್ಪಗಿರೋದೂ ಇಂಥದೇ ಮಸಿಯಿಂದ. ಅದನ್ನು ಜಗತ್ತಿನಲ್ಲಿ ವರ್ಷಕ್ಕೆ ಲಕ್ಷಾಂತರ ಟನ್ ಮಾಡ್ತಾರೆ.

ಇನ್ನೊಂದು ಬಗೆ ಊದಿನಕಡ್ಡಿ ಥರ. ಒಂದು ತುದಿಗೆ ಕಡ್ಡಿ ಗೀರಿದರೆ ಸಾಕು, ಕೆಂಡ ತಾನೇ ಕೆಳಗಿಳೀತಾ ಹೋಗುತ್ತೆ. ಉರಿಯುವ ಪದರ ಪಕ್ಕದ ಪದರವನ್ನು ಕಾಯಿಸುತ್ತೆ, ಅದು ಹೊತ್ತಿಕೊಂಡು ಅದರ ಪಕ್ಕದ್ದನ್ನ ಕಾಯಿಸುತ್ತೆ. 1967ರಲ್ಲಿ ಮಾಸ್ಕೋ ಹತ್ತಿರದ ಚೆರ್ನೊಗೊಲೋವ್ಕಾದಲ್ಲಿ ಮೆರ್ಜಾನೋವ್, ಬೊರೊವಿನ್‌ಸ್ಕಾಯಾ, ಶ್ಕಿರೊ ಎಂಬ ಮೂವರು ಟೈಟೇನಿಯಂ ಮತ್ತು ಬೋರಾನ್ ಪುಡಿಗಳನ್ನು ಬೆರೆಸಿ, ಅದುಮಿ, ಒಂದು ತುದಿಗೆ ಬೆಂಕಿ ಕೊಟ್ಟಾಗ ಇದೇ ಆಯಿತು. ಜ್ವಾಲೆ ಇದೆ, ಆದರೆ ಹೊಗೆಯಿಲ್ಲ, ಅನಿಲವಿಲ್ಲ. ಘನವೇ ಉರಿದು ಘನವೇ ಉಳಿಯಿತು. ಅದಕ್ಕೆ ಅವರು 'ಘನ ಜ್ವಾಲೆ' ಅಂದರು. ಟೈಟೇನಿಯಂ ಜೊತೆ ಇಂಗಾಲ ಬೆರೆಸಿ ಹಚ್ಚಿದರೆ ಕಾವು ಮೂರು ಸಾವಿರ ಡಿಗ್ರಿ ಹತ್ತಿರ ಹೋಗುತ್ತೆ. ಗಂಟೆಗಟ್ಟಲೆ ಫರ್ನೇಸ್ ಉರಿಸಿ ಮಾಡಬೇಕಾದ ಗಟ್ಟಿ ವಸ್ತು ಕೆಲವೇ ಕ್ಷಣಗಳಲ್ಲಿ ಕೈಗೆ ಬರುತ್ತೆ, ಕರೆಂಟ್ ಖರ್ಚು ಮೊದಲ ಕಿಡಿಗೆ ಮಾತ್ರ.

ಮೂರನೇ ಬಗೆ ಹುಟ್ಟಿದ್ದು ನಮ್ಮಲ್ಲೇ, ಬೆಂಗಳೂರಲ್ಲೇ. ಹಳೇ ಬಸ್ ಕಂಡಕ್ಟರುಗಳು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕೂಗುವ ಸ್ಟಾಪ್ ಇದೆಯಲ್ಲ, ಆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 1988ರಲ್ಲಿ ಕಿಂಗ್ಸ್‌ಲಿ ಮತ್ತು ಕೆ.ಸಿ. ಪಾಟೀಲ ಪ್ರಕಟಿಸಿದ ಒಂದು ಪುಟ್ಟ ಪೇಪರು. ಅಲ್ಯುಮಿನಿಯಂ ನೈಟ್ರೇಟನ್ನೂ ಯೂರಿಯಾವನ್ನೂ ಸ್ವಲ್ಪ ನೀರಲ್ಲಿ ಕರಗಿಸಿ, 500 ಡಿಗ್ರಿಗೆ ಕಾದ ಮಫಲ್ ಫರ್ನೇಸಿನ ಒಳಗಿಡೋದು. ಕುದಿಯುತ್ತೆ, ನೊರೆ ಉಕ್ಕುತ್ತೆ, ಥಟ್ಟಂತ ಹೊತ್ತಿ ಬೆಳ್ಳಗೆ ಉರಿಯುತ್ತೆ. ಕೆಲವು ನಿಮಿಷದಲ್ಲಿ ಪಾತ್ರೆ ತುಂಬ ಮಂಡಕ್ಕಿಯಷ್ಟು ಹಗುರವಾದ ಬಿಳಿ ಬುರುಗು. ಅದು ಆಲ್ಫಾ ಅಲ್ಯುಮಿನಾ. ಮಾಮೂಲಿ ದಾರಿಯಲ್ಲಿ ಅದನ್ನು ಪಡೆಯೋಕೆ ಸುಮಾರು 1200 ಡಿಗ್ರಿ ಬೇಕು. ಇಲ್ಲಿ ಫರ್ನೇಸ್ 500ರಲ್ಲೇ ಇರುತ್ತೆ, ಮಿಕ್ಕ ಕಾವನ್ನು ಆ ಮಿಶ್ರಣವೇ ಹುಟ್ಟಿಸಿಕೊಳ್ಳುತ್ತೆ.

ಯೂರಿಯಾ ಅಂದ್ರೆ ಅದೇ ಯೂರಿಯಾ, ಸೊಸೈಟಿ ಮುಂದೆ ಕ್ಯೂ ನಿಂತು ತರೋದು. ರಾಕೆಟ್ ಇಂಧನದ ಲೆಕ್ಕದಲ್ಲಿ ಬಳಸುವ ಒಂದು ಸರಳ ಕೂಡು-ಕಳೆಯೋದರಿಂದ ಎಷ್ಟಕ್ಕೆ ಎಷ್ಟು ಬೆರೆಸಬೇಕು ಅಂತ ಗೊತ್ತಾಗುತ್ತೆ. ಈ ನೈಟ್ರೇಟಿನ ಉರಿಸುವ ಶಕ್ತಿಗೆ 15 ಅಂಕ, ಯೂರಿಯಾದ ಉರಿಯುವ ಶಕ್ತಿಗೆ 6. ಎರಡು ಹದಿನೈದ್ಲಿ ಮೂವತ್ತು, ಐದಾರ್ಲಿ ಮೂವತ್ತು. ಹಾಗಾಗಿ ನೈಟ್ರೇಟಿನ ಎರಡು ಅಣುವಿಗೆ ಯೂರಿಯಾದ ಐದು ಅಣು. ತೂಕದಲ್ಲಿ 20 ಗ್ರಾಮಿಗೆ 8 ಗ್ರಾಂ. ಮಗ್ಗಿ ಬಂದರೆ ಸಾಕು. ಇಷ್ಟು ಸರಳ ಅನ್ನೋ ಕಾರಣಕ್ಕೇ ಇದು ಜಗತ್ತಿನ ಮೂಲೆ ಮೂಲೆಯ ಲ್ಯಾಬುಗಳಿಗೆ ಹೋಯಿತು. 'ನಮ್ಮ ದೇಶದಲ್ಲಿ ಏನ್ ರಿಸರ್ಚ್ ಆಗುತ್ತೆ ಮಾರಾಯ' ಅಂತ ಫಿಲ್ಟರ್ ಕಾಫಿ ಕುಡೀತಾ ಹೇಳೋ ನಮ್ಮಂಥೋರು ಇದನ್ನು ಸ್ವಲ್ಪ ತಲೆಗೆ ಹಾಕ್ಕೋಬೇಕು.

ಪಾಟೀಲರ ತಂಡ ಬೀಕರಿನಲ್ಲಿ ಮಾಡಬೇಕಾದ್ದನ್ನು ಮಾಡಿ ತೋರಿಸಿತು. ಅಲ್ಲಿಂದ ಮುಂದಿನ ಕೆಲಸ ಇತ್ತಲ್ಲ, ಅದು ಯಾರದ್ದು?

* * *

2009. ನನ್ನ ಬಿಇ ಕೊನೇ ವರ್ಷ, ಮೆಕ್ಯಾನಿಕಲ್. ನಾವು ನಾಲ್ಕು ಜನರ ಪ್ರಾಜೆಕ್ಟು. ಕರಗಿದ ಅಲ್ಯುಮಿನಿಯಂಗೆ ಅಲ್ಯುಮಿನಾ ಪುಡಿ ಕಲಸಿ, ಎರಕ ಹೊಯ್ದು, ಗಡಸುತನ ಅಳೆಯೋದು. ಆ ವರ್ಷ ಅರ್ಧ ಕ್ಲಾಸು ಮಾಡಿದ್ದು ಇದನ್ನೇ. ನಮ್ಮ ವಿಶೇಷ ಏನಂದ್ರೆ, ಪುಡಿಯನ್ನು ಅಂಗಡಿಯಿಂದ ತರದೆ ನಾವೇ ಮಾಡ್ತೀವಿ, ಯೂರಿಯಾ ಹಾಕಿ, ಬೆಂಕಿಯಲ್ಲಿ. ಗೈಡ್‌ಗೆ ಖುಷಿಯಾಯಿತು.

ಮೊದಲ ಸಲ 20 ಗ್ರಾಂ ನೈಟ್ರೇಟಿಗೆ 8 ಗ್ರಾಂ ಯೂರಿಯಾ ಹಾಕಿ ಮಾಡಿದೆವು. ಪುಸ್ತಕದಲ್ಲಿ ಹೇಳಿದ ಹಾಗೇ ಆಯಿತು. ಉಕ್ಕಿತು, ಹೊತ್ತಿತು, ಬೆಳ್ಳನೆ ಬುರುಗು ಬಂತು. ನಾಲ್ಕೂ ಜನ ಕುಣಿದುಬಿಟ್ಟೆವು. ತೂಗಿದರೆ ಎರಡೂವರೆ ಗ್ರಾಂ ಚಿಲ್ಲರೆ. ನಮಗೆ ಬೇಕಿದ್ದದ್ದು ಐವತ್ತು. ಹಾಗೇ ಮಾಡಿದರೆ ಹತ್ತೊಂಬತ್ತು ಸಲ ಮಾಡಬೇಕು, ಫರ್ನೇಸ್ ನಮಗೆ ಸಿಗೋದು ವಾರಕ್ಕೆ ಒಂದು ಮಧ್ಯಾಹ್ನ. 'ಎಲ್ಲಾ ಹತ್ತರಷ್ಟು ಹಾಕ್ರೋ, ಎರಡೇ ಸಲಕ್ಕೆ ಮುಗಿಯುತ್ತೆ' ಅಂದರು. ಅಂದದ್ದು ಗೈಡೋ, ನಮ್ಮಲ್ಲೇ ಒಬ್ಬನೋ ಅಂತ ಈಗ ನೆನಪಿಲ್ಲ. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ ಅನ್ನೋದಂತೂ ಚೆನ್ನಾಗಿ ನೆನಪಿದೆ.

200 ಗ್ರಾಂ ನೈಟ್ರೇಟ್, 80 ಗ್ರಾಂ ಯೂರಿಯಾ, ಒಂದು ದೊಡ್ಡ ಸ್ಟೀಲ್ ಪಾತ್ರೆ. ಐದು ನಿಮಿಷ ಆಯಿತು, ಹತ್ತು ನಿಮಿಷ ಆಯಿತು, ಬರೀ ಕುದೀತಾ ಇದೆ. ಆಮೇಲೆ ನೊರೆ ಎದ್ದು, ಪಾತ್ರೆ ದಾಟಿ, ಫರ್ನೇಸಿನ ನೆಲದ ಮೇಲೆ ಹರಿಯಿತು. ಅಂಚಿನಲ್ಲಿ ಅಲ್ಲಲ್ಲಿ ಹೊತ್ತಿ, ಬಾಗಿಲ ಸಂದಿಯಿಂದ ಕಂದು ಬಣ್ಣದ ಹೊಗೆ ಬರತೊಡಗಿತು. ಕೆಮ್ಮು, ಕಣ್ಣುರಿ. ಫರ್ನೇಸ್ ಹಾಳಾದ್ರೆ ದಂಡ ಕಟ್ಟಬೇಕಲ್ಲ ಅನ್ನೋ ಭಯಕ್ಕೆ ನನ್ನ ಗೆಳೆಯ ಇಕ್ಕಳ ಹಿಡಿದು ಬಾಗಿಲು ತೆಗೆದ, ಪಾತ್ರೆ ಎಳೆಯೋಕೆ. ಅದೇ ಹೊತ್ತಿಗೆ ಮಧ್ಯದ್ದು ಹೊತ್ತಿಕೊಂಡಿತು.

ಬಲಗೈ, ಮಣಿಕಟ್ಟಿನಿಂದ ಮೊಣಕೈ ತನಕ. ಆ ಕಲೆ ಇವತ್ತಿಗೂ ಇದೆ. ಎಷ್ಟೇ ಸೆಕೆಯಿದ್ದರೂ ಅವನು ಫುಲ್ ತೋಳಿನ ಶರ್ಟೇ ಹಾಕೋದು.

ಲ್ಯಾಬಿನ ಪುಸ್ತಕದಲ್ಲಿ 'ವಿದ್ಯಾರ್ಥಿಯ ಅಜಾಗರೂಕತೆ' ಅಂತ ಬರೆದರು. ಬಾಗಿಲು ತೆಗೆದದ್ದಕ್ಕೆ ಒಳಗೆ ಗಾಳಿ ಹೋಗಿ ಬೆಂಕಿ ಹತ್ತಿತು ಅಂತ ಎಲ್ಲರೂ ಮಾತಾಡಿಕೊಂಡರು. ನಾವೂ ನಂಬಿದೆವು, ಅವನೂ ನಂಬಿದ. ಪಾತ್ರೆಯಲ್ಲಿ ಉಳಿದದ್ದರ ಮೇಲ್ಪದರ ಬಿಳಿ, ಕೆಳಗೆ ಹಳದಿಗಟ್ಟಿದ ಅರೆಬೆಂದ ಹೆಂಟೆ. ಅದನ್ನೇ ಕುಟ್ಟಿ, ಜರಡಿ ಹಿಡಿದು, ಅಲ್ಯುಮಿನಿಯಂಗೆ ಕಲಸಿ ಪ್ರಾಜೆಕ್ಟ್ ಮುಗಿಸಿದೆವು. ರಿಪೋರ್ಟಿನ ಕೊನೇ ಪುಟ ಬರೆಯೋ ಕೆಲಸ ನನಗೆ ಬಂತು, ನನ್ನ ಇಂಗ್ಲಿಷ್ ಪರವಾಗಿಲ್ಲ ಅಂತ. ನಾನು ಬರೆದೆ: ಈ ವಿಧಾನ ಸರಳ, ಅಗ್ಗ, ವೇಗದ್ದು, ಸ್ಕೇಲೆಬಲ್.

* * *

ಆ ಪಾತ್ರೆಯೊಳಗೆ ಏನಾಯಿತು ಅಂತ ನನಗೆ ಅರ್ಥವಾಗಿದ್ದು ತುಂಬಾ ವರ್ಷದ ಮೇಲೆ. ಅರ್ಥ ಮಾಡಿಕೊಳ್ಳೋಕೆ ಬೇಕಾದ ಪಾಠವನ್ನು ಮಾತ್ರ ಅದಕ್ಕೂ ಒಂದು ವರ್ಷ ಮೊದಲೇ, ಆರನೇ ಸೆಮಿಸ್ಟರಿನಲ್ಲಿ, ಪಾಸ್ ಮಾಡಿದ್ದೆ. ಹೀಟ್ ಅಂಡ್ ಮಾಸ್ ಟ್ರಾನ್ಸ್‌ಫರ್. ನಮ್ಮ ಬಾಯಲ್ಲಿ ಎಚ್‌ಎಂಟಿ.

ಮೊದಲು ಶಾಖದ ಮಾತು. ಸರಕು ಹತ್ತು ಪಟ್ಟಾದರೆ ಅದರ ಹೊರಮೈ ಹತ್ತು ಪಟ್ಟಾಗಲ್ಲ, ಸುಮಾರು ನಾಲ್ಕೂವರೆ ಪಟ್ಟಾಗುತ್ತೆ. ಶಾಖ ಒಳಗೆ ಬರೋದೂ ಹೊರಗೆ ಹೋಗೋದೂ ಆ ಮೈಯಿಂದಲೇ. ಅಂದ್ರೆ ನಮ್ಮ ದೊಡ್ಡ ಪಾತ್ರೆಯ ಪ್ರತಿ ಗ್ರಾಮಿಗೆ ಮೊದಲಿನ ಅರ್ಧಕ್ಕಿಂತ ಕಡಿಮೆ ಬಾಗಿಲು. ಜೊತೆಗೆ, ಶಾಖ ಒಂದು ಪದರ ದಾಟಿ ಒಳಗಿಳಿಯೋಕೆ ಬೇಕಾದ ಹೊತ್ತು ದಪ್ಪದ ವರ್ಗದಂತೆ ಏರುತ್ತೆ. ದಪ್ಪ ಎರಡರಷ್ಟಾದರೆ ಹೊತ್ತು ನಾಲ್ಕರಷ್ಟು. ಚಿಕ್ಕ ಬಟ್ಟಲಲ್ಲಿ ಎಲ್ಲವೂ ಹೆಚ್ಚುಕಮ್ಮಿ ಒಟ್ಟಿಗೆ ಒಣಗಿ ಒಟ್ಟಿಗೆ ಹೊತ್ತಿತ್ತು. ದೊಡ್ಡದರಲ್ಲಿ ಅಂಚು ಒಣಗಿ ಹೊತ್ತಿದಾಗ ನಡು ಇನ್ನೂ ಹಸಿ. ನಡು ಹೊತ್ತಿಕೊಳ್ಳುವ ಹೊತ್ತಿಗೆ ನನ್ನ ಗೆಳೆಯ ಬಾಗಿಲ ಮುಂದಿದ್ದ. ಗಾಳಿಗೂ ಅದಕ್ಕೂ ಸಂಬಂಧ ಇಲ್ಲ. ಉರಿಯೋಕೆ ಬೇಕಾದ ಆಮ್ಲಜನಕ ನೈಟ್ರೇಟಿನ ಒಳಗೇ ಇರುತ್ತೆ. ಬಾಗಿಲು ಮುಚ್ಚಿದ್ದರೂ ಅದು ಹೊತ್ತುತ್ತಿತ್ತು. ಅವನು ಕೈ ಹಾಕಬಾರದಿತ್ತು, ನಿಜ. ಆದರೆ ತಪ್ಪು ನಡೆದದ್ದು ಅವನು ಬಾಗಿಲು ತೆಗೆದಾಗಲ್ಲ, ನಾವು ಹತ್ತರಿಂದ ಗುಣಿಸಿದಾಗ.

ಆಮೇಲೆ ದ್ರವ್ಯದ ಮಾತು. ಒಂದು ಕೆಜಿ ಅಲ್ಯುಮಿನಾ ಬೇಕಂದ್ರೆ ಏಳೂಕಾಲು ಕೆಜಿಗಿಂತ ಹೆಚ್ಚು ನೈಟ್ರೇಟ್, ಮೂರು ಕೆಜಿ ಹತ್ತಿರ ಯೂರಿಯಾ ಹಾಕಬೇಕು. ಹತ್ತು ಕೆಜಿ ಹಾಕಿ ಒಂದು ಕೆಜಿ ತೆಗೆಯೋದು. ಉಳಿದ ಒಂಬತ್ತು ಕೆಜಿ ಎಲ್ಲಿ ಹೋಯಿತು? ಅನಿಲವಾಗಿ ಹೋಯಿತು. ಪ್ರತಿ ಒಂದು ಅಣು ಅಲ್ಯುಮಿನಾಗೆ ಇಂಗಾಲದ ಡೈಆಕ್ಸೈಡು, ಸಾರಜನಕ, ನೀರಾವಿ ಸೇರಿ 23 ಅಣು ಅನಿಲ ಹೊರಡುತ್ತೆ. ನೈಟ್ರೇಟಿನ ಹರಳಿನೊಳಗಿದ್ದ ನೀರು ಬೇರೆ. ಆ ಅನಿಲ ಬರೀ ಕಸ ಅಲ್ಲ. ಅದೇ ಪುಡಿಯನ್ನು ಬುರುಗಾಗಿ ಉಬ್ಬಿಸೋದು, ಅದೇ ಕಾವನ್ನು ಹೊತ್ತುಕೊಂಡು ಹೊರಗೆ ಓಡೋದು. ಚಿಕ್ಕ ಬಟ್ಟಲಲ್ಲಿ ಅದು ಸರಾಗವಾಗಿ ಹೋಗುತ್ತೆ, ಕಣಗಳು ಒಂದಕ್ಕೊಂದು ಅಂಟಿಕೊಳ್ಳೋ ಮೊದಲೇ ತಣ್ಣಗಾಗುತ್ತವೆ. ದೊಡ್ಡ ರಾಶಿಯಲ್ಲಿ ಕೆಳಗಿನ ಅನಿಲ ಮೇಲಿನ ಬಿಸಿ ಪದರವನ್ನು ತೂರಿಕೊಂಡು ಹೋಗಬೇಕು. ಕಾವು ಒಳಗೇ ಕೂರುತ್ತೆ, ಕಣಗಳು ಬೆಸೆದು ದಪ್ಪಗಾಗುತ್ತವೆ. ನ್ಯಾನೋ ಪುಡಿ ಅಂತ ಹೆಸರಿಟ್ಟಿದ್ದು ಜಲ್ಲಿಯಾಗುತ್ತೆ. ಉರಿ ಸರಿಯಾಗದ ಕಡೆ ಸಾರಜನಕದ ಆಕ್ಸೈಡುಗಳು ಹುಟ್ಟುತ್ತವೆ. ನಮ್ಮ ಕಂದು ಹೊಗೆ ಅದೇ.

ಹಾಗಾಗಿ ದೊಡ್ಡ ಪಾತ್ರೆಯಲ್ಲಿ ಆಗೋದು ಅದೇ ಅಡುಗೆ ಅಲ್ಲವೇ ಅಲ್ಲ. ಬೇರೆ ಅಡುಗೆ. ಹೊಸದಾಗಿ ಕಲೀಬೇಕು.

ಇದನ್ನು ನನಗಿಂತ ಮೊದಲೇ ಬಲ್ಲವರೊಬ್ಬರು ನಮ್ಮ ಮನೇಲೇ ಇದ್ದರು. ನಮ್ಮೂರು ಮದ್ದೂರು ಕಡೆ. ದೊಡ್ಡಪ್ಪನದು ಆಲೆಮನೆ. ಕೊಪ್ಪರಿಗೆ ತುಂಬ ಕಬ್ಬಿನ ಹಾಲು ಕುದೀತಿದ್ರೆ, ಮಡ್ಡಿ ತೆಗೆಯೋಕೆ ಬೆಂಡೆಗಿಡದ ಲೋಳೆ, ನೊರೆ ಉಕ್ಕಿದರೆ ನಾಲ್ಕು ಹನಿ ಎಣ್ಣೆ. ಹದ ನೋಡೋಕೆ ಒಂದು ತೊಟ್ಟು ಪಾಕ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಹಿಡಿದು ನೋಡೋರು. ಒಲೆಗೆ ಸಿಪ್ಪೆ ಹಾಕುವವನಿಗೆ ಅವರ ಗದರಿಕೆ ನಿಲ್ತಿರಲಿಲ್ಲ: 'ಬೆಂಕಿ ಹಾಕಾದು ಯಾರ್ಗಾದ್ರೂ ಬತ್ತದೆ ಕಣ್ಲಾ, ಬೆಂಕಿ ತಡ್ಯಾದು ಬರ್ಬೇಕು.' ಮನೆ ಒಲೆ ಮೇಲೆ ಒಂದು ಚೊಂಬು ಹಾಲು ಕಾಯಿಸಿ ಬೆಲ್ಲ ಮಾಡಿದವನು ನಾಳೆ ಕೊಪ್ಪರಿಗೆ ಇಳಿಸಬಲ್ಲ ಅಂದಿದ್ರೆ ದೊಡ್ಡಪ್ಪ ನಕ್ಕುಬಿಡೋರು. ಅವರ ಮಗ್ಗುಲಲ್ಲೇ ಬೆಳೆದ ನಾನು, ಬಿಇ ಓದಿದ ಮೇಲೆ, ಹತ್ತರಿಂದ ಗುಣಿಸಿದೆ.

* * *

ಹಾಗಾದರೆ ಬೆಂಕಿಯಿಂದ ದೊಡ್ಡ ಪ್ರಮಾಣದಲ್ಲಿ ವಸ್ತು ಮಾಡೋಕೇ ಆಗಲ್ವಾ? ಆಗುತ್ತೆ, ಧಾರಾಳವಾಗಿ ಮಾಡಿದ್ದಾರೆ. ಮಾಡಿದವರು ಮೊದಲು ಎಚ್‌ಎಂಟಿ ಲೆಕ್ಕ ಹಾಕಿದರು, ಅಷ್ಟೇ ವ್ಯತ್ಯಾಸ.

ರೈಲು ಹಳಿ ನೋಡಿ. ಕಬ್ಬಿಣದ ಆಕ್ಸೈಡಿಗೆ ಅಲ್ಯುಮಿನಿಯಂ ಪುಡಿ ಬೆರೆಸಿ ಹಚ್ಚಿದರೆ ಕರಗಿದ ಕಬ್ಬಿಣ ಬರುತ್ತೆ. ಥರ್ಮಿಟ್. ಜರ್ಮನಿಯ ಹಾನ್ಸ್ ಗೋಲ್ಡ್‌ಷ್ಮಿಟ್ 1895ರಲ್ಲಿ ಪೇಟೆಂಟ್ ಮಾಡಿಸಿದ್ದು. 1899ರಲ್ಲಿ ಎಸ್ಸೆನ್ ಊರಿನ ಟ್ರಾಮ್ ಹಳಿಗಳನ್ನು ಹೀಗೆ ಬೆಸೆದರು. ನಮ್ಮ ರೈಲ್ವೆಯಲ್ಲಿ ಈಗಲೂ ಹಳಿ ಬೆಸೆಯುವ ಒಂದು ಮುಖ್ಯ ವಿಧಾನ ಇದು. ಗ್ಯಾಂಗಿನವರು ಬೆಂಕಿ ಹಚ್ಚೋಕೆ ಮೊದಲು ಏನು ಮಾಡ್ತಾರೆ ಗೊತ್ತಾ? ಎರಡು ಹಳಿಯ ತುದಿಗಳನ್ನು ಟಾರ್ಚ್ ಹಿಡಿದು ಕೆಂಪಗೆ ಕಾಯಿಸ್ತಾರೆ. ಹಳಿ ತಣ್ಣಗಿದ್ರೆ ಬಿಸಿ ಕಬ್ಬಿಣದ ಕಾವನ್ನು ಅದು ಥಟ್ಟನೆ ಹೀರಿಬಿಡುತ್ತೆ, ಬೆಸುಗೆ ಒಳಗೆ ಹಿಡಿಯಲ್ಲ. ಅಂಥ ಬೆಸುಗೆಯ ಮೇಲೆ ನಾಳೆ ನಾನು, ನೀವು ಹೋಗುವ ರೈಲು ಓಡಬೇಕು. ಎಷ್ಟು ಹೊತ್ತು ಕಾಯಿಸಬೇಕು, ಎಷ್ಟು ಸಂದು ಬಿಡಬೇಕು ಅನ್ನೋದಕ್ಕೆಲ್ಲ ಬರೆದಿಟ್ಟ ನಿಯಮ ಇದೆ. 'ಸರಳ, ವೇಗ' ಅಂತ ಬರೆದು ಕೈ ತೊಳೆದುಕೊಳ್ಳೋ ಹಾಗಿಲ್ಲ.

ಅದೇ ಥರ್ಮಿಟನ್ನು ಜಪಾನಿನ ಓದಾವಾರಾ ಉಕ್ಕಿನ ಪೈಪಿನೊಳಗೆ ಹಾಕಿ, ಪೈಪನ್ನು ಗಿರಗಿರ ತಿರುಗಿಸುತ್ತಾ ಹಚ್ಚಿದರು. ಭಾರದ ಕಬ್ಬಿಣ ಗೋಡೆಗೆ ಹೋಗುತ್ತೆ, ಹಗುರದ ಅಲ್ಯುಮಿನಾ ಒಳಗಡೆ ಉಳಿದು ಪಿಂಗಾಣಿ ಪದರವಾಗುತ್ತೆ. ಮರಳು, ಬೂದಿ ಸಾಗಿಸಿದರೂ ಸವೆಯದ ಪೈಪು. ಚೀನಾದಲ್ಲಿ ಇಂಥ ಪೈಪುಗಳನ್ನು ಕಾರ್ಖಾನೆಗಳೇ ಮಾಡ್ತವೆ. ಮೆರ್ಜಾನೋವ್ ಬಗೆಯ ಘನ ಜ್ವಾಲೆಯಲ್ಲಂತೂ ತೊಂದರೆ ಎರಡೂ ಕಡೆ. ಅದುಮಿದ ಬಿಲ್ಲೆ ತೀರಾ ಸಣ್ಣದಾದ್ರೆ ಕಾವು ಪಕ್ಕದಿಂದ ಸೋರಿ ಜ್ವಾಲೆ ಅರ್ಧ ದಾರಿಯಲ್ಲೇ ಸಾಯುತ್ತೆ. ಕಾವು ಮಿತಿಮೀರಿದ್ರೆ ಎಲ್ಲಾ ಕರಗಿ ಮುದ್ದೆಯಾಗುತ್ತೆ. ಆಗ ಮೊದಲೇ ತಯಾರಾದ ಪುಡಿಯನ್ನು ಸ್ವಲ್ಪ ಬೆರೆಸಿ ಕಾವು ಇಳಿಸ್ತಾರೆ. ಎಷ್ಟು ಬೆರೆಸಬೇಕು? ಅದೇ ಲೆಕ್ಕ.

ಇನ್ನೊಂದು ಉದಾಹರಣೆ ನಿಮ್ಮ ಮನೆಗೇ ಬಂದಿದೆ. ಫೈಬರ್ ಇಂಟರ್‌ನೆಟ್. 1970ರಲ್ಲಿ ಕಾರ್ನಿಂಗ್ ಕಂಪನಿಯ ಮಾರರ್, ಕೆಕ್, ಶುಲ್ಟ್ಸ್ ಒಂದು ಕಿಲೋಮೀಟರಿಗೆ 20 ಡೆಸಿಬೆಲ್‌ಗಿಂತ ಕಡಿಮೆ ಬೆಳಕು ಕಳೆದುಕೊಳ್ಳುವ ಗಾಜಿನ ಎಳೆ ಮಾಡಿದರು. ಇಂಥ ಎಳೆಯ ಗಾಜನ್ನು ತಯಾರಿಸುವ ಮುಖ್ಯ ವಿಧಾನಗಳಲ್ಲೊಂದು ಜ್ವಾಲೆಯದ್ದು. ಸಿಲಿಕಾನ್ ಟೆಟ್ರಾಕ್ಲೋರೈಡ್ ಆವಿಯನ್ನು ಉರಿಯೊಳಗೆ ಬಿಡ್ತಾರೆ, ಗಾಜಿನ ಬಿಳಿ ಮಸಿ ಹುಟ್ಟಿ ತಿರುಗುವ ಸಲಾಕೆಗೆ ಮೆತ್ತಿಕೊಳ್ಳುತ್ತೆ, ಆಮೇಲೆ ಅದನ್ನು ಕಾಯಿಸಿ ಪಾರದರ್ಶಕ ಮಾಡಿ ಎಳೆ ತೆಗೀತಾರೆ. ಮಸಿ ಸಲಾಕೆಗೇ ಯಾಕೆ ಅಂಟುತ್ತೆ? ಬಿಸಿಯಿಂದ ತಣ್ಣಗಿನ ಕಡೆಗೆ ಸೂಕ್ಷ್ಮ ಕಣಗಳು ತಾವೇ ಸರೀತವೆ. ಥರ್ಮೋಫೋರೆಸಿಸ್ ಅಂತ ಅದರ ಹೆಸರು. ಅಜ್ಜಿಯ ತಟ್ಟೆಗೆ ಕಾಡಿಗೆ ಹಿಡಿದದ್ದರಲ್ಲೂ ಇದರ ಕೈವಾಡ ಇದೆ. ನಮ್ಮ ಸಾಫ್ಟ್‌ವೇರ್ ದುಡಿಮೆ ಓಡಾಡೋ ದಾರಿಯನ್ನು ಬೆಂಕಿಯಿಂದ ಮಾಡಿದವರು, ಶಾಖ ಎತ್ತ ಹೋಗುತ್ತೆ, ಕಣ ಎತ್ತ ಹೋಗುತ್ತೆ ಅಂತ ಇಂಚಿಂಚು ಲೆಕ್ಕ ಹಾಕಿದವರು.

* * *

ನಮ್ಮಲ್ಲಿ ಆ ಲೆಕ್ಕ ಯಾಕೆ ಹಾಕಲ್ಲ? ಗೊತ್ತಿಲ್ಲದ್ದಕ್ಕಲ್ಲ. ವರ್ಷಾ ವರ್ಷಾ ಸಾವಿರಾರು ಹುಡುಗರು ಎಚ್‌ಎಂಟಿ ಪಾಸ್ ಮಾಡ್ತಾರೆ. ಹೇಗೆ ಪಾಸ್ ಮಾಡ್ತಾರೆ ಅನ್ನೋದು ನನ್ನನ್ನು ಕೇಳಿ. ಪರೀಕ್ಷೆಗೆ ಡೇಟಾ ಹ್ಯಾಂಡ್‌ಬುಕ್ ಒಯ್ಯಬಹುದು. ಪ್ರಶ್ನೆಯಲ್ಲಿ ಯಾವ ಪದ ಇದೆ ನೋಡು, ಯಾವ ಪುಟ ನೋಡು, ಸೂತ್ರಕ್ಕೆ ಅಂಕಿ ತುಂಬು, ಉತ್ತರಕ್ಕೆ ಎರಡು ಗೆರೆ ಎಳಿ. ಲ್ಯಾಬಿನಲ್ಲಿ ಪಿನ್ ಫಿನ್, ಕಾಂಪೋಸಿಟ್ ವಾಲ್, ಹೀಟ್ ಎಕ್ಸ್‌ಚೇಂಜರ್. ಸ್ಥಿರ ಸ್ಥಿತಿ ಬರೋಕೆ ಗಂಟೆ ಬೇಕು, ಪೀರಿಯಡ್ ಮುಗಿಯೋಕೆ ಬಿಡುವಿಲ್ಲ. ಸೀನಿಯರ್ ರೆಕಾರ್ಡಿನಿಂದ ರೀಡಿಂಗ್ ಇಳಿಸಿದರೆ ಆಯ್ತು. ಹೀಗೆ ನನಗೆ 71 ಬಂತು. ಸ್ಥಿರ ಸ್ಥಿತಿ ಅಂದ್ರೇನು ಅಂತ ಯಾವತ್ತೂ ನೋಡಿರಲಿಲ್ಲ. ಏಳನೇ ಸೆಮಿಸ್ಟರಿನಲ್ಲಿ ಸಾಫ್ಟ್‌ವೇರ್ ಕಂಪನಿ ಬಂತು, ಮೆಕ್ಯಾನಿಕಲ್ಲೋ ಸಿವಿಲ್ಲೋ ಅಂತ ಕೇಳದೆ ಬಾಚಿಕೊಂಡು ಹೋಯಿತು. ದೂರ್ತಾ ಇಲ್ಲ. ಆ ಸಂಬಳದಲ್ಲೇ ಅಪ್ಪನ ಸಾಲ ತೀರಿದ್ದು, ತಂಗಿ ಓದಿದ್ದು. ಆದರೆ ಕೊಪ್ಪರಿಗೆಯ ಹತ್ತಿರ ನಿಲ್ಲಬೇಕಾದವರು ಎಲ್ಲಿ ಹೋದರು ಅಂತ ಕೇಳಿದರೆ, ಒಬ್ಬ ಇಲ್ಲಿದ್ದೀನಿ.

ಉಳಿದವರಿಗೆ ಕಾಲೇಜು ಕೇಳೋದು ಪೇಪರ್. ಪಿಎಚ್‌ಡಿಗೂ ಪೇಪರ್, ಪ್ರಮೋಷನ್‌ಗೂ ಪೇಪರ್. ಎರಡು ಗ್ರಾಮಿನಿಂದ ಇನ್ನೂರು ಗ್ರಾಮಿಗೆ ಹೋಗೋಕೆ ಎರಡು ವರ್ಷ ಬೇಕು, ಹತ್ತು ಸಲ ಕೆಡಬೇಕು, ಕೆಟ್ಟದ್ದನ್ನು ಬರೆದರೆ ಛಾಪಿಸೋರು ಅಪರೂಪ. ಅದರ ಬದಲು ಇಂಧನ ಬದಲಾಯಿಸಿ ಇನ್ನೆರಡು ಗ್ರಾಂ ಮಾಡಿದರೆ ಇನ್ನೊಂದು ಪೇಪರ್. ಹಾಗಾಗಿ ಯೂರಿಯಾ ಹೋಗಿ ಲೋಳೆಸರ ಬಂತು, ತುಳಸಿ ಬಂತು, ನುಗ್ಗೆಸೊಪ್ಪು ಬಂತು. ಸೊಪ್ಪಿನ ರಸವೇ ಇಂಧನ, ಅದಕ್ಕೆ 'ಹಸಿರು ವಿಧಾನ' ಅಂತ ಹೆಸರು. ಒಂದು ಪ್ರಶ್ನೆ ಕೇಳ್ತೀನಿ. ಯೂರಿಯಾಕ್ಕೆ ಐದಾರ್ಲಿ ಮೂವತ್ತು ಅಂತ ಲೆಕ್ಕ ಇತ್ತು. ಸೊಪ್ಪಿನ ರಸಕ್ಕೆ ಲೆಕ್ಕ ಏನು? ಮಳೆಗಾಲದ ಸೊಪ್ಪು ಬೇರೆ, ಬೇಸಿಗೆಯದ್ದು ಬೇರೆ. ಇಂಧನ ಎಷ್ಟು ಅಂತ ಗೊತ್ತಿಲ್ಲದ ಮೇಲೆ ಉರಿಯ ಕಾವು ಎಷ್ಟು ಅಂತ ಹೇಗೆ ಹೇಳ್ತೀರಿ? ನೈಟ್ರೇಟಂತೂ ಅದೇ ನೈಟ್ರೇಟು, ಕಂದು ಹೊಗೆಯೂ ಅದೇ. ಹಸಿರು ಎಲ್ಲಿದೆ? ಎಲ್ಲರೂ ಹೀಗೇ ಅಂತ ನಾನು ಹೇಳ್ತಿಲ್ಲ. ಜ್ವಾಲೆಯ ಕಾವು ಅಳೆದು, ಅನಿಲ ಅಳೆದು, ಮರ್ಯಾದೆಯಿಂದ 'ಇಷ್ಟು ಗ್ರಾಮಿನ ತನಕ ಮಾತ್ರ ನೋಡಿದ್ದೇವೆ' ಅಂತ ಬರೆಯುವವರೂ ಇದ್ದಾರೆ. ಅವರ ಪೇಪರಿಗೆ ಹೆಸರು ಬರೋದು ನಿಧಾನ.

'ಸಂಶೋಧಕರ ಕೆಲಸ ಹೊಸದನ್ನು ಕಂಡುಹಿಡಿಯೋದು, ದೊಡ್ಡದು ಮಾಡೋದು ಕಾರ್ಖಾನೆಯವರ ಕೆಲಸ' ಅಂತ ನೀವು ಹೇಳಬಹುದು. ಅರ್ಧ ಒಪ್ತೀನಿ. ಹಾಗಿದ್ದರೆ ಸ್ಕೇಲೆಬಲ್ ಅನ್ನೋ ಪದವನ್ನು ಕಾರ್ಖಾನೆಯವರಿಗೇ ಬಿಟ್ಟುಕೊಡಿ. ತೋರಿಸದೇ ಇರೋದನ್ನ ಹೇಳಬೇಡಿ. ಅದೊಂದು ಪದವನ್ನು ನಂಬಿ ಯಾರೋ ಸಾಲ ತಂದು ಶೆಡ್ ಹಾಕ್ತಾನೆ, ಎಲ್ಲೋ ಒಂದು ಕಾಲೇಜಿನಲ್ಲಿ ನಾಲ್ಕು ಹುಡುಗರು ಹತ್ತರಿಂದ ಗುಣಿಸ್ತಾರೆ.

ನಮ್ಮ ಕಡೆಯ ತಪ್ಪೂ ಇದೆ. ಸಾಫ್ಟ್‌ವೇರಿನಲ್ಲಿ ಒಂದು ಸಲ ಬರೆದದ್ದನ್ನು ಲಕ್ಷ ಸಲ ಕಾಪಿ ಮಾಡಬಹುದು. ಲಕ್ಷದ ಒಂದನೆಯದೂ ಮೊದಲಿನದ್ದರ ಹಾಗೇ ಇರುತ್ತೆ. ಆ ಅಭ್ಯಾಸದಲ್ಲಿ ಬೆಳೆದ ನಾವು ಈಗ ದುಡ್ಡು ಹಾಕುವ ಕಡೆ ಕೂತಿದ್ದೀವಿ. ಬ್ಯಾಟರಿ ಪುಡಿ ಮಾಡೋ ಸ್ಟಾರ್ಟಪ್ಪಿಗೂ ಆ್ಯಪ್ ಮಾಡೋ ಸ್ಟಾರ್ಟಪ್ಪಿಗೂ ಒಂದೇ ಪ್ರಶ್ನೆ: ಮುಂದಿನ ವರ್ಷ ಹತ್ತು ಪಟ್ಟು ಆಗ್ತೀರಾ? ಹೌದು ಅಂದವನಿಗೆ ದುಡ್ಡು, 'ಹತ್ತು ಪಟ್ಟು ಅಂದ್ರೆ ಹೊಸ ಒಲೆಯೇ ಬೇಕು ಸಾರ್, ಎರಡು ವರ್ಷ ಕೊಡಿ' ಅಂದ ಪ್ರಾಮಾಣಿಕನಿಗೆ ಟೀ ಕುಡಿಸಿ ಕಳಿಸ್ತೀವಿ.

ನಾನು ಕೇಳೋದು ದೊಡ್ಡದೇನಲ್ಲ. ಸ್ಕೇಲೆಬಲ್ ಅಂತ ಬರೆಯೋರು ಕನಿಷ್ಠ ಮೂರು ಅಳತೆಯಲ್ಲಿ ಮಾಡಿ ತೋರಿಸಲಿ: ಇಪ್ಪತ್ತು ಗ್ರಾಂ, ಇನ್ನೂರು, ಎರಡು ಕೆಜಿ. ಪ್ರತಿಯೊಂದರಲ್ಲೂ ಅಂಚಿನ ಕಾವು ಎಷ್ಟು, ನಡುವಿನ ಕಾವು ಎಷ್ಟು, ಕಣ ಎಷ್ಟು ದಪ್ಪ, ಹೊಗೆಯಲ್ಲಿ ಏನಿತ್ತು ಅಂತ ಒಂದು ಪಟ್ಟಿ ಕೊಡಲಿ. ಕೆಟ್ಟಿದ್ದರೆ ಕೆಟ್ಟಿತು ಅಂತ ಬರೀಲಿ, ಮುಂದೆ ಮಾಡುವವನಿಗೆ ಅದೇ ಹೆಚ್ಚು ಉಪಯೋಗ. ಕೆಮಿಸ್ಟ್ರಿ ಡಿಪಾರ್ಟ್‌ಮೆಂಟಿನವರು ಅದೇ ಕಟ್ಟಡದ ಇನ್ನೊಂದು ಮಹಡಿಯಲ್ಲಿರೋ ಮೆಕ್ಯಾನಿಕಲ್‌ನವರ ಬಾಗಿಲು ತಟ್ಟಲಿ. ಎಚ್‌ಎಂಟಿ ಲ್ಯಾಬಿನಲ್ಲಿ ಪಿನ್ ಫಿನ್ ಜೊತೆ, ಬೇಕಿದ್ದರೆ ಬೆಲ್ಲದ ಪಾಕವನ್ನೇ ಚೊಂಬಿನಲ್ಲೊಮ್ಮೆ ಕೊಳದಪ್ಪಲೆಯಲ್ಲೊಮ್ಮೆ ಕಾಯಿಸಿ, ನಡುವಿಗೆ ಥರ್ಮೋಕಪಲ್ ಇಟ್ಟು ನೋಡಲಿ. ಎರಡು ಗ್ರಾಫ್ ಪಕ್ಕ ಪಕ್ಕ ಇಟ್ಟ ಹುಡುಗ ಆಮೇಲೆ ಜನ್ಮದಲ್ಲಿ ಸುಮ್ಮನೆ ಹತ್ತರಿಂದ ಗುಣಿಸಲ್ಲ.

ಹೋದ ವರ್ಷ ಆ ಗೆಳೆಯ ಸಿಕ್ಕಿದ್ದ. ಮದುವೆ ಮನೆ, ಊಟದ ಸಾಲು. ಗಾಳಿಯಿಂದ ಆಗಿದ್ದಲ್ಲ ಕಣೋ ಅದು, ಬಾಗಿಲು ಮುಚ್ಚಿದ್ರೂ ಹೊತ್ತುತ್ತಿತ್ತು ಅಂತ ಹೇಳಿ, ಎಲೆ ಮೇಲೆ ಬೆರಳಲ್ಲಿ ಗೀಚಿ ಲೆಕ್ಕ ತೋರಿಸಿದೆ. ಸುಮ್ಮನೆ ನೋಡಿದ. 'ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ಮಗಾ?' ಅಂದ. ಅವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ರಿಪೋರ್ಟು ಇನ್ನೂ ಆ ಕಾಲೇಜಿನ ಲೈಬ್ರರಿಯಲ್ಲಿರಬೇಕು, ಕಪ್ಪು ಬೈಂಡಿಂಗು, ಬಂಗಾರದ ಅಕ್ಷರ. ಯಾರಾದರೂ ತೆಗೆದು ನೋಡಿದರೆ, ಕೊನೇ ಪುಟದ ಆ ಒಂದು ಪದವನ್ನು ದಯವಿಟ್ಟು ಹೊಡೆದು ಹಾಕಿ.